ಕ್ಯಾಸಾಕ್ (ನ್ಯೂಯಾರ್ಕ್‌ನ ವ್ಯಸನಮುಕ್ತಿ ಕೌನ್ಸೆಲರ್ ಸರ್ಟಿಫಿಕೇಟ್) ಬಗ್ಗೆ ಒಂದು ಸ್ಪಷ್ಟನೆ

'ನ್ಯೂಯಾರ್ಕ್‌ನಲ್ಲಿ 350 ಗಂಟೆ ಕ್ಲಾಸ್ ಮುಗಿಸಿದರೆ ವ್ಯಸನಮುಕ್ತಿ ಕೌನ್ಸೆಲರ್ ಸರ್ಟಿಫಿಕೇಟ್ ಸಿಗುತ್ತದೆ' ಅನ್ನುವ ಮೆಸೇಜ್ ಇಲ್ಲಿನ ಕನ್ನಡಿಗರ ಗ್ರೂಪುಗಳಲ್ಲಿ ಓಡಾಡುತ್ತಿದೆ. ಅದನ್ನು ಮೊದಲು ಬರೆದವಳು ನಾನೇ. ತಪ್ಪಾಗಿದೆ, ಕ್ಷಮಿಸಿ.

350 ಗಂಟೆ ಓದಿದರೆ ಸಿಗುವುದು ಕ್ಯಾಸಾಕ್-ಟಿ. ಆ 'ಟಿ' ಅಂದರೆ ಟ್ರೈನಿ. ಅದನ್ನು ಕೊಡುವುದು ರಾಜ್ಯದ ವ್ಯಸನ ಸೇವೆಗಳ ಇಲಾಖೆ, ಅಂದರೆ ಒಎಎಸ್‌ಎಎಸ್. ಪೂರ್ತಿ ಕ್ಯಾಸಾಕ್‌ಗೆ 6,000 ಗಂಟೆ ಕೆಲಸದ ಅನುಭವ ಬೇಕು, ಅಂದರೆ ಪೂರ್ಣಾವಧಿ ದುಡಿದರೂ ಸುಮಾರು ಮೂರು ವರ್ಷ. ಅದರಲ್ಲಿ 300 ಗಂಟೆ ಮೇಲ್ವಿಚಾರಕರ ಕೈಕೆಳಗಿನ ತರಬೇತಿ. ಜೊತೆಗೆ ಪರೀಕ್ಷೆಯೂ ಇದೆ. ಸಂಬಂಧಪಟ್ಟ ವಿಷಯದಲ್ಲಿ ಡಿಗ್ರಿ ಇದ್ದರೆ ಅನುಭವದ ಗಂಟೆ ಕಡಿಮೆಯಾಗುತ್ತದೆ. ಇದೆಲ್ಲ ಇಲಾಖೆಯ ನಿಯಮದಲ್ಲೇ ಇದೆ.

ಆ 300 ಗಂಟೆ ಸುಮ್ನೆ ಲೆಕ್ಕಕ್ಕಲ್ಲ. ಕುಡಿತ ಬಿಟ್ಟು ನಾಲ್ಕೇ ದಿನವಾದವರು ಕೈ ನಡುಗಿಸುತ್ತಾ ಎದುರಿಗೆ ಕೂತಾಗ ಏನು ಕೇಳಬೇಕು, ಯಾವಾಗ ಡಾಕ್ಟರನ್ನು ಕರೆಯಬೇಕು ಅನ್ನುವುದು ಪುಸ್ತಕದಿಂದ ಮಾತ್ರ ಬರಲ್ಲ. ಪಕ್ಕದಲ್ಲಿ ಅನುಭವಿ ಇರಬೇಕು, ಅಲ್ವಾ?

ಕೋರ್ಸಿಗೆ ದುಡ್ಡು ಕಟ್ಟಲು ಹೊರಟವರಿಗೆ ಇದನ್ನು ತೋರಿಸಿ. ಹಳೇ ಮೆಸೇಜ್ ದಯವಿಟ್ಟು ಡಿಲೀಟ್ ಮಾಡಿ, ಇನ್ನು ಯಾರಿಗೂ ಫಾರ್ವರ್ಡ್ ಮಾಡಬೇಡಿ.