ಮಂಗಳದಲ್ಲಿ ಬಗರ್ ಹುಕುಂ

ನನ್ನ ತಮ್ಮ ಮದುವೆಯ ಹತ್ತನೇ ವರ್ಷಕ್ಕೆ ಹೆಂಡತಿಗೆ ಚಂದ್ರನ ಮೇಲೆ ಒಂದು ಎಕರೆ ಕೊಡಿಸಿದ್ದಾನೆ. ಯಾವುದೋ ವೆಬ್‌ಸೈಟಿನಲ್ಲಿ ಸಿಕ್ಕಿತಂತೆ. ಬಂಗಾರದ ಬಣ್ಣದ ಅಂಚಿನ ಪತ್ರ, ಕೆಳಗೊಂದು ಸೀಲು, ಜೊತೆಗೆ ಚಂದ್ರನ ನಕ್ಷೆ. ಅವಳು ಕೇಳಿದ್ದು ಒಂದು ಜೊತೆ ಓಲೆ. ಅದು ಬೇರೆ ಮಾತು.

ಹಬ್ಬಕ್ಕೆ ಊರಿಗೆ ಹೋದಾಗ ಆ ಪತ್ರ ದೊಡ್ಡಪ್ಪನ ಕೈಗೆ ಸಿಕ್ಕಿತು. ದೊಡ್ಡಪ್ಪ ತಿಪಟೂರು ಕಡೆ ಮೂವತ್ತು ವರ್ಷ ಗ್ರಾಮ ಲೆಕ್ಕಿಗರಾಗಿದ್ದವರು. ಲಗ್ನಪತ್ರಿಕೆ ಕೊಟ್ಟರೂ ಹಿಂದೆ ತಿರುಗಿಸಿ ರುಜು ಹುಡುಕುವವರು. ಕನ್ನಡಕ ಏರಿಸಿಕೊಂಡು ಶುರು ಮಾಡಿದರು.

“ಸರ್ವೆ ನಂಬರ್ ಎಲ್ಲೋ?”

“ಇಲ್ಲ ದೊಡ್ಡಪ್ಪ.”

“ಚೆಕ್ಕುಬಂದಿ?”

“ಅಕ್ಷಾಂಶ, ರೇಖಾಂಶ ಕೊಟ್ಟಿದ್ದಾರೆ.”

“ಪೂರ್ವಕ್ಕೆ ಯಾರ ಜಮೀನು ಅಂತ ಕೇಳಿದ್ದು ಕಣೋ. ನಾಳೆ ಅವನು ಬದು ಒತ್ತಿದರೆ ಯಾರನ್ನ ಕರೀತೀಯ?”

ಜಾಗದ ಹೆಸರು ಶಾಂತಿ ಸಾಗರ. 1969ರಲ್ಲಿ ಆರ್ಮ್‌ಸ್ಟ್ರಾಂಗ್ ಇಳಿದದ್ದು ಅಲ್ಲೇ, ಪ್ರೈಮ್ ಲೊಕೇಶನ್ ಎಂದ ತಮ್ಮ. ದೊಡ್ಡಪ್ಪನ ಮುಖ ಗಂಭೀರವಾಯಿತು. “ಸಾಗರ ಅಂದ್ರೆ ಕೆರೆ ಅಂಗಳ ಆಯ್ತಲ್ಲೋ!” ಅಲ್ಲಿ ಹನಿ ನೀರಿಲ್ಲ, ಲಾವಾ ಹರಿದು ಗಟ್ಟಿಯಾದ ಬಯಲು ಅದು ಎಂದು ತಮ್ಮ ವಿವರಿಸಿದ. “ಧರ್ಮಾಂಬುಧಿ ಕೆರೇಲೂ ನೀರಿಲ್ಲ ಅಂತಲೇ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಕಟ್ಟಿದ್ದು” ಎಂದರು ದೊಡ್ಡಪ್ಪ.

ಮೂಲ ಪತ್ರದ ಪ್ರಶ್ನೆ ಬಂತು. ಚಂದ್ರನನ್ನು ಎಕರೆ ಲೆಕ್ಕದಲ್ಲಿ ಮಾರುವ ವ್ಯಾಪಾರಕ್ಕೆ ಹೆಸರಾದವರು ಅಮೆರಿಕದ ಡೆನಿಸ್ ಹೋಪ್. 1980ರಲ್ಲಿ ಚಂದ್ರ ತನ್ನದು ಎಂದು ಘೋಷಿಸಿಕೊಂಡರು. ವಿಶ್ವಸಂಸ್ಥೆಗೆ ಪತ್ರ ಬರೆದೆ, ಉತ್ತರ ಬರಲಿಲ್ಲ ಎಂದು ಅವರೇ ಹೇಳಿಕೊಂಡಿದ್ದಾರೆ. ಉತ್ತರ ಬಾರದಿದ್ದರೆ ಒಪ್ಪಿಗೆ ಅಂತ ಲೆಕ್ಕ! ಹಾಗಾದರೆ ನಮ್ಮ ತಾಲೂಕು ಕಚೇರಿಗಳಿಗೆ ಅರ್ಜಿ ಹಾಕಿದವರೆಲ್ಲ ಇಷ್ಟೊತ್ತಿಗೆ ಜಮೀನ್ದಾರರಾಗಿರಬೇಕಿತ್ತು.

1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಚಂದ್ರನನ್ನಾಗಲಿ ಮಂಗಳನನ್ನಾಗಲಿ ಯಾವ ದೇಶವೂ ತನ್ನದು ಅನ್ನುವಂತಿಲ್ಲ ಎಂದೆ ನಾನು. ಭಾರತವೂ ಸಹಿ ಹಾಕಿದೆ. “ಯಾರದ್ದೂ ಅಲ್ಲ, ಎಲ್ಲರದ್ದೂ. ಹಾಗಾದ್ರೆ ಗೋಮಾಳ” ಎಂದು ದೊಡ್ಡಪ್ಪ ತೀರ್ಪು ಕೊಟ್ಟರು. “ಗೋಮಾಳ ಅಂತ ಬರೆದ ರಾತ್ರಿಯೇ ಬೇಲಿ ಬೀಳತ್ತೆ, ನೋಡ್ತಿರು.” ಬೇಲಿ ಆಗಲೇ ಬಿದ್ದಿದೆ. 2015ರಲ್ಲಿ ಅಮೆರಿಕ ಒಂದು ಕಾನೂನು ಮಾಡಿತು. ಆಕಾಶಕಾಯ ನಮ್ಮದಲ್ಲ, ಆದರೆ ನಮ್ಮ ಪ್ರಜೆಗಳು ಅಲ್ಲಿ ಅಗೆದು ತಂದದ್ದು ಅವರದೇ ಅಂತ. ನಮ್ಮ ಹೊಳೆಯಲ್ಲಿ ಮರಳು ಎತ್ತುವವರೂ ಹೊಳೆ ತಮ್ಮದು ಅಂತ ಯಾವತ್ತೂ ಹೇಳಿಲ್ಲ, ಪಾಪ.

ತಮ್ಮನಿಗೆ ರೋಷ ಬಂತು. ಚಂದ್ರ ಬಿಡಿ, ಮಂಗಳ ಹಾಗಲ್ಲ. ಭೂಮಿಗೆ ಗಂಡಾಂತರ ಬಂದರೆ ಮನುಷ್ಯ ಕುಲ ಉಳಿಯಬೇಡವಾ? ಎಲಾನ್ ಮಸ್ಕ್ 2016ರಲ್ಲೇ ಮೆಕ್ಸಿಕೋದ ಗ್ವಾದಲಹಾರದಲ್ಲಿ ನಿಂತು ಯೋಜನೆ ಬಿಡಿಸಿಟ್ಟಿದ್ದಾರೆ. ಹತ್ತು ಲಕ್ಷ ಜನರ ಊರು. ಮುಂದೊಂದು ದಿನ ಟಿಕೆಟ್ಟು 2 ಲಕ್ಷ ಡಾಲರಿಗೆ ಇಳಿಯಬೇಕಂತೆ. ದುಡ್ಡಿಲ್ಲದವರಿಗೂ ದಾರಿ ಇದೆ: ಸಾಲ ಕೊಡುತ್ತಾರೆ, ಮಂಗಳದಲ್ಲಿ ಬೇಕಾದಷ್ಟು ಕೆಲಸ ಇರುತ್ತದೆ ಎಂದು 2020ರಲ್ಲಿ ಟ್ವೀಟ್ ಮಾಡಿದ್ದರು.

“ಸಾಲ ಕೊಟ್ಟು ಕರ್ಕೊಂಡು ಹೋಗೋದು, ಅಲ್ಲೇ ದುಡಿಸ್ಕೊಳ್ಳೋದು, ವಾಪಸ್ ಬರೋಕೆ ಬಸ್ಸಿಲ್ಲ. ಇದನ್ನ ನಾವು 1976ರಲ್ಲೇ ಕಾಯ್ದೆ ಮಾಡಿ ನಿಲ್ಲಿಸಿದ್ವಿ ಕಣೋ. ಜೀತ ಅಂತಿದ್ರು.”

ಅಡುಗೆಮನೆಯಿಂದ ದೊಡ್ಡಮ್ಮ ಇಣುಕಿದರು. “ಕುಜದೋಷ ಇದೆ ಅಂತ ನಮ್ಮ ಶಾರದಂಗೆ ಎಂಟು ಗಂಡು ತಪ್ಪಿಸಿದ್ರು. ಈಗ ಕುಜನ ಮನೆಗೇ ಹೋಗ್ತಾರಂತಾ?”

ಹೋಗಲು ಸಾಲು ನಿಂತವರು ಇದ್ದರು. 2012ರಲ್ಲಿ ಮಾರ್ಸ್ ಒನ್ ಎಂಬ ಡಚ್ ಕಂಪನಿ ವಾಪಸಾತಿ ಇಲ್ಲದ ಪ್ರಯಾಣ ಪ್ರಕಟಿಸಿತು. ಟಿವಿ ರಿಯಾಲಿಟಿ ಶೋದಿಂದ ಖರ್ಚು ಹುಟ್ಟಿಸುವ ಲೆಕ್ಕಾಚಾರ. 2 ಲಕ್ಷ ಜನ ಆಸಕ್ತಿ ತೋರಿಸಿದರು ಎಂದು ಕಂಪನಿ ಹೇಳಿಕೊಂಡಿತು, 2015ರಲ್ಲಿ 100 ಮಂದಿಯ ಪಟ್ಟಿಯನ್ನೂ ಬಿಟ್ಟಿತು. 2019ರಲ್ಲಿ ದಿವಾಳಿಯಾಯಿತು. ರಾಕೆಟ್ ಒಂದೂ ಹಾರಲಿಲ್ಲ.

ದೊಡ್ಡಪ್ಪ ಸ್ಥಳ ತನಿಖೆಗೆ ಇಳಿದರು. ಗಾಳಿ ಹೇಗಿದೆ? ಭೂಮಿಯ ಗಾಳಿಯ ಒತ್ತಡದಲ್ಲಿ ನೂರಕ್ಕೆ ಒಂದು ಪಾಲೂ ಇಲ್ಲ, ಇರುವುದರಲ್ಲಿ 95 ಪಾಲು ಕಾರ್ಬನ್ ಡೈಆಕ್ಸೈಡ್. ಮಣ್ಣು? ಪರ್ಕ್ಲೋರೇಟ್ ಎಂಬ ವಿಷದ ಉಪ್ಪು ಬೆರೆತದ್ದು, 2008ರಲ್ಲಿ ಫೀನಿಕ್ಸ್ ನೌಕೆ ಕಂಡುಹಿಡಿಯಿತು. ಚಳಿ? ಸರಾಸರಿ ಮೈನಸ್ 60 ಡಿಗ್ರಿ. ಆಮ್ಲಜನಕ ತಯಾರಿಸಬಹುದು ಎಂದ ತಮ್ಮ. ಸುಳ್ಳಲ್ಲ. ನಾಸಾದ ಮಾಕ್ಸಿ ಎಂಬ ಪುಟ್ಟ ಯಂತ್ರ 2021ರಿಂದ 2023ರವರೆಗೆ ಮಂಗಳದ ಗಾಳಿಯಿಂದಲೇ ಆಮ್ಲಜನಕ ತೆಗೆಯಿತು. ಮೆಚ್ಚಬೇಕಾದ ಕೆಲಸವೇ. 16 ಸಲ ಓಡಿಸಿ ತೆಗೆದದ್ದು ಒಟ್ಟು 122 ಗ್ರಾಂ. ಒಬ್ಬ ಮನುಷ್ಯನಿಗೆ ಮೂರೂವರೆ ಗಂಟೆಯ ಉಸಿರು. ಊಟ ಮಾಡಿ ಒಂದು ನಿದ್ದೆ ತೆಗೆದರೆ ಮುಗಿಯಿತು.

ಇನ್ನು ಆ ಗಂಡಾಂತರದ ಮಾತು. ಆರೂವರೆ ಕೋಟಿ ವರ್ಷಕ್ಕೂ ಹಿಂದೆ ಕ್ಷುದ್ರಗ್ರಹ ಬಡಿದು ಡೈನೋಸಾರ್‌ಗಳು ನಿರ್ನಾಮವಾದವು. ಆ ಕೆಟ್ಟ ವಾರದಲ್ಲೂ ಭೂಮಿಯಲ್ಲಿ ಉಸಿರಾಡಲು ಗಾಳಿ ಇತ್ತು, ನೀರಿತ್ತು. ಮೊಸಳೆ, ಆಮೆಗಳ ಸಂತತಿ ಉಳಿದುಕೊಂಡಿತು. ಮಂಗಳದ ಒಳ್ಳೇ ದಿನ ನೋಡಿ ಒಂದು ಮೊಸಳೆ ಬಿಟ್ಟು ಬನ್ನಿ, ಆಮೇಲೆ ಮಾತಾಡೋಣ.

ದೊಡ್ಡಪ್ಪನಿಗೆ ಜಾಸ್ತಿ ಹಿಡಿಸಿದ್ದು ಅರಿಜೋನಾದ ಬಯೋಸ್ಫಿಯರ್ 2ರ ಕಥೆ. ಅನ್ಯಗ್ರಹದಲ್ಲಿ ಬದುಕುವ ರಿಹರ್ಸಲ್ ಅದು, ನಡೆದದ್ದು ಮಾತ್ರ ಭೂಮಿಯ ಮೇಲೆ. 3.14 ಎಕರೆಯ ಗಾಜಿನ ಮನೆ. (“ಮೂರು ಎಕರೆ ಐದೂವರೆ ಗುಂಟೆ” ಎಂದು ಅವರು ತಿದ್ದಿದರು.) ಒಳಗೆ ಕಾಡು, ಹೊಲ, ಪುಟ್ಟ ಸಮುದ್ರ. 1991ರಲ್ಲಿ ಎಂಟು ಜನರನ್ನು ಎರಡು ವರ್ಷಕ್ಕೆ ಒಳಗೆ ಬಿಟ್ಟು ಬಾಗಿಲು ಹಾಕಿದರು. ಗೊಬ್ಬರ ತುಂಬಿದ ಮಣ್ಣಿನ ಸೂಕ್ಷ್ಮಜೀವಿಗಳು ಆಮ್ಲಜನಕ ತಿಂದವು. ಅವು ಬಿಟ್ಟ ಕಾರ್ಬನ್ ಡೈಆಕ್ಸೈಡನ್ನು ಕಾಂಕ್ರೀಟು ಹೀರಿತು. ಗಾಳಿಯಲ್ಲಿ ಶೇಕಡಾ 21ರ ಹತ್ತಿರವಿದ್ದ ಆಮ್ಲಜನಕದ ಪ್ರಮಾಣ 14.5ಕ್ಕೆ ಇಳಿಯಿತು. ಪರಾಗ ಸಾಗಿಸುವ ಕೀಟ ಸತ್ತವು, ಇರುವೆ ಮತ್ತು ಜಿರಳೆ ಸಮೃದ್ಧಿಯಾಗಿ ಬೆಳೆದವು. ಕೊನೆಗೆ ಹೊರಗಿನಿಂದ ಆಮ್ಲಜನಕ ತುಂಬಿಸಿದರು. ಅಷ್ಟರಲ್ಲಿ ಎಂಟು ಜನ ನಾಲ್ಕು ನಾಲ್ಕಾಗಿ ಒಡೆದು ಮಾತು ಬಿಟ್ಟಿದ್ದರು.

“ಎಂಟು ಜನಕ್ಕೆ ಎರಡು ಪಾರ್ಟಿ. ನಮ್ಮ ಪಂಚಾಯ್ತಿನೇ ವಾಸಿ” ಎಂದರು ದೊಡ್ಡಪ್ಪ. ಮಂಗಳಕ್ಕೆ ಹೊರಗಿನಿಂದ ಏನಾದರೂ ಕಳಿಸಬೇಕೆಂದರೆ 26 ತಿಂಗಳಿಗೊಮ್ಮೆ ದಾರಿ ತೆರೆಯುತ್ತದೆ. ಆಮೇಲೆ ಆರೇಳು ತಿಂಗಳ ಪ್ರಯಾಣ.

ತಮ್ಮ ಸುಮ್ಮನಾದ. ದೊಡ್ಡಪ್ಪ ಜೇಬಿನಿಂದ ಪೆನ್ನು ತೆಗೆದು ಆ ಬಂಗಾರದಂಚಿನ ಪತ್ರದ ಹಿಂದೆ ಅವರ ಹಳೇ ದುಂಡು ಅಕ್ಷರದಲ್ಲಿ ಹಿಂಬರಹ ಬರೆದರು:

“ದಾಖಲೆ ಪರಿಶೀಲಿಸಲಾಗಿ, ಸದರಿ ಸ್ವತ್ತು ಗೋಮಾಳವಾಗಿದ್ದು, ಪೂರಾ ಖರಾಬು ಇರುತ್ತದೆ. ಗಾಳಿ, ನೀರು, ಬಂಡಿದಾರಿ ಇರುವುದಿಲ್ಲ. ಖಾತೆಗೆ ಅವಕಾಶವಿಲ್ಲ. ಅರ್ಜಿದಾರರ ಊರಿನ ಮನೆ ಕಂದಾಯ ಮೂರು ವರ್ಷದ್ದು ಬಾಕಿ ಇದ್ದು, ಸೋಮವಾರದೊಳಗೆ ಕಟ್ಟತಕ್ಕದ್ದು.”