ಹೆಸರು ಬರೆಯದೆ ಸಿಒ ಸಾಹೇಬರಿಗೆ ಅಂಕ ಕೊಡಬಹುದೇ?

ಸೇನಾ ತುಕಡಿಗಳಲ್ಲಿ ಸೈನಿಕರ ಮನೋಬಲ, ಅಧಿಕಾರಿಗಳ ನಡವಳಿಕೆ ಕುರಿತು ಗುಟ್ಟಿನ ಸಮೀಕ್ಷೆ ಬೇಕೇ?

ಪರ
(ಹೈಸ್ಕೂಲ್ ಶಿಕ್ಷಕಿ, ಗದಗ)

"ಕೋಯಿ ಪಾಯಿಂಟ್?"

ತುಕಡಿಯವರೆಲ್ಲ ಸೇರುವ ಸೈನಿಕ ಸಮ್ಮೇಳನದಲ್ಲಿ ತುಕಡಿಯ ಮುಖ್ಯಸ್ಥರಾದ ಸಿಒ (ಕಮಾಂಡಿಂಗ್ ಆಫೀಸರ್) ಸಾಹೇಬರು ಹೀಗೆ ಕೇಳುತ್ತಾರೆ, ಯಾರಿಗಾದರೂ ಏನಾದರೂ ಹೇಳುವುದಿದೆಯೇ ಅಂತ. ನೂರಾರು ಜನ ಸಾಲಾಗಿ ಕೂತಿರುತ್ತಾರೆ, ಕೈ ಎತ್ತುವವರು ಕಡಿಮೆ. ಯಾರು ಏನು ಕೇಳಬೇಕು ಅನ್ನೋದು ಮೊದಲೇ ಕಂಪನಿಯಲ್ಲಿ, ಅಂದರೆ ತುಕಡಿಯೊಳಗಿನ ಅವರವರ ಗುಂಪಿನಲ್ಲಿ, ಸೋಸಿ ಹೋಗಿರುತ್ತದೆ ಅಂತಾನೆ ಸೇನೆಯಲ್ಲಿರುವ ನನ್ನ ತಮ್ಮ. ಗೀಸರ್ ಕೆಟ್ಟಿದೆ, ಕ್ಯಾಂಟೀನಿನಲ್ಲಿ ಸಾಮಾನಿಲ್ಲ, ಇಂಥವು ಮೇಲೆ ಬರುತ್ತವೆ. ‘ನಮ್ಮ ಸಾಹೇಬರು ಎಲ್ಲರೆದುರು ಬೈದು ಮಾನ ಕಳೀತಾರೆ’ ಅನ್ನೋದು ಬರುವುದಿಲ್ಲ. ಆ ಸಾಹೇಬರು ಅಲ್ಲೇ ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ, ಅಲ್ವಾ?

ಅಮೆರಿಕದಲ್ಲಿ 2013ರಿಂದ ಇದಕ್ಕೆ ಕಾನೂನೇ ಇದೆ. ಹೊಸ ಕಮಾಂಡರ್ ಅಧಿಕಾರ ವಹಿಸಿಕೊಂಡ 120 ದಿನದೊಳಗೆ ತುಕಡಿಯವರನ್ನೆಲ್ಲ ಗುಟ್ಟಾಗಿ ಕೇಳಬೇಕು. ಆಮೇಲೆ ವರ್ಷಕ್ಕೊಮ್ಮೆಯಾದರೂ ಕೇಳಬೇಕು. ಮೇಲಿನವರ ಮೇಲೆ ನಂಬಿಕೆ ಇದೆಯೇ, ಅವಮಾನ ಆಗ್ತಿದೆಯೇ, ಒಬ್ಬರಿಗೊಬ್ಬರು ಆಗ್ತಾರೆಯೇ ಎಂಬಂಥ ಪ್ರಶ್ನೆಗಳು. ಫಲಿತಾಂಶ ಆ ಕಮಾಂಡರ್ ಕೈಗಷ್ಟೇ ಅಲ್ಲ, ಅವರ ಮೇಲಿನ ಅಧಿಕಾರಿಗೂ ಹೋಗುತ್ತದೆ. ನನಗೆ ಮುಖ್ಯ ಅನ್ನಿಸಿದ್ದು ಇದೇ. ಬ್ರಿಟನ್ ಅಂತೂ ತನ್ನ ಮೂರೂ ಪಡೆಗಳ ಸಮೀಕ್ಷೆಯನ್ನು ಪ್ರತಿವರ್ಷ ಎಲ್ಲರೂ ಓದುವ ಹಾಗೆ ಪ್ರಕಟಿಸುತ್ತದೆ.

ನಮ್ಮಲ್ಲಿ ದೂರು ಕೊಡಲು ದಾರಿ ಇಲ್ಲವೆಂದಲ್ಲ. 1950ರ ಸೇನಾ ಕಾಯ್ದೆಯ 26ನೇ ಕಲಮಿನ ಪ್ರಕಾರ ಸೈನಿಕ ತನ್ನ ಕಂಪನಿ ಅಧಿಕಾರಿಗೆ ದೂರು ಕೊಡಬಹುದು. ಅವರ ಮೇಲೆಯೇ ದೂರಿದ್ದರೆ ಮುಂದಿನ ಮೇಲಧಿಕಾರಿಗೆ ಕೊಡಬಹುದು. ಆದರೆ ಗೊತ್ತಿದ್ದೂ ಸುಳ್ಳು ದೂರು ಕೊಟ್ಟರೆ ಐದು ವರ್ಷದವರೆಗೆ ಜೈಲು ಅಂತ ಅದೇ ಕಾಯ್ದೆಯ 56ನೇ ಕಲಮು ಹೇಳುತ್ತದೆ. ಸುಳ್ಳು ಹೇಳಿದವನಿಗೆ ಶಿಕ್ಷೆ ಬೇಕು, ಸರಿ. ಆದರೆ ಇಪ್ಪತ್ತೆರಡರ ಹುಡುಗ ಒಬ್ಬನೇ, ಸಾಕ್ಷಿ ಇಲ್ಲದೆ, ಮೇಜರ್ ಸಾಹೇಬರ ವಿರುದ್ಧ ಕಾಗದ ಬರೆಯೋಕೆ ಕೂತಾಗ ಅವನ ಕಣ್ಣಿಗೆ ಕಾಣೋದು ಯಾವ ಕಲಮು?

2017ರ ಜನವರಿಯಲ್ಲಿ ಗಡಿ ಭದ್ರತಾ ಪಡೆಯವನೊಬ್ಬ ಊಟ ಸರಿಯಿಲ್ಲವೆಂದು ತನ್ನ ತಟ್ಟೆಯ ವಿಡಿಯೋ ಹಾಕಿದ. ದೇಶವೆಲ್ಲ ನೋಡಿತು. ಅದೇ ತಿಂಗಳು ಆಗಿನ ಭೂಸೇನಾ ಮುಖ್ಯಸ್ಥ ಜನರಲ್ ಬಿಪಿನ್ ರಾವತ್ ಸಲಹೆ-ದೂರು ಪೆಟ್ಟಿಗೆ ಇಡಿಸುವುದಾಗಿ ಹೇಳಿದರು. ಒಳ್ಳೆಯದೇ. ಆದರೆ ಪೆಟ್ಟಿಗೆಗೆ ಚೀಟಿ ಹಾಕಲು ಒಬ್ಬ ಎದ್ದು ನಡೆದು ಹೋಗಬೇಕು, ಹೋದದ್ದು ನಾಲ್ಕು ಜನರಿಗೆ ಕಾಣುತ್ತದೆ. ಸಮೀಕ್ಷೆಯಲ್ಲಿ ಎಲ್ಲರೂ ಬರೆಯುತ್ತಾರೆ, ಯಾರ ಮೇಲೂ ಕಣ್ಣು ಬೀಳುವುದಿಲ್ಲ.

ಇನ್ನೊಂದು ಸಂಗತಿ. ಸೇನಾ ವಿಷಯಗಳನ್ನು ಅಧ್ಯಯನ ಮಾಡುವ ದೆಹಲಿಯ ಯುನೈಟೆಡ್ ಸರ್ವಿಸ್ ಇನ್‌ಸ್ಟಿಟ್ಯೂಷನ್ ತನ್ನ ಜಾಲತಾಣದಲ್ಲಿ ಹಾಕಿದ್ದ ಒಂದು ಅಧ್ಯಯನ 2021ರ ಜನವರಿಯಲ್ಲಿ ಸುದ್ದಿಯಾಯಿತು. ಅರ್ಧಕ್ಕಿಂತ ಜಾಸ್ತಿ ಸೈನಿಕರು ತೀವ್ರ ಒತ್ತಡದಲ್ಲಿರುವಂತೆ ಕಾಣುತ್ತದೆ ಎಂದಿತ್ತು ಅದು. ರಜೆ ಸಿಗದಿರುವುದು, ಮೇಲಿನವರಿಂದ ಅವಮಾನ ಕೂಡ ಕಾರಣಗಳ ಪಟ್ಟಿಯಲ್ಲಿದ್ದವು. ಕೇಳಿದ್ದು ತೀರಾ ಕಡಿಮೆ ಜನರನ್ನು ಎಂದು ಸೇನೆ ಒಪ್ಪಲಿಲ್ಲ. ವರದಿ ಜಾಲತಾಣದಿಂದಲೂ ಹೋಯಿತು. ಆ ಆಕ್ಷೇಪ ಸರಿಯೇ ಇರಬಹುದು. ಹಾಗಾದರೆ ಸೇನೆಯೇ ಎಲ್ಲರನ್ನೂ ಕೇಳಲಿ! ರಕ್ಷಣಾ ಸಂಶೋಧನೆಯ ಸರ್ಕಾರಿ ಸಂಸ್ಥೆ ಡಿಆರ್‌ಡಿಒ ಅಡಿಯಲ್ಲಿ ಮನೋವಿಜ್ಞಾನ ಸಂಶೋಧನಾ ಸಂಸ್ಥೆಯೇ ಇದೆ. ಪ್ರಶ್ನೆ ತಯಾರಿಸುವುದು ಅವರಿಗೆ ಕಷ್ಟವೇ?

ತಮ್ಮ ಫೋನ್ ಮಾಡಿದಾಗ ಅವ್ವನಿಗೆ ಯಾವಾಗಲೂ "ಎಲ್ಲಾ ಛಲೋ ಐತಿ" ಅಂತಾನೆ. ಫೋನ್ ನನ್ನ ಕೈಗೆ ಬಂದ ಮೇಲೆ ದನಿ ಬೇರೆಯಾಗುತ್ತದೆ. ಆಗ ಅವನು ಹೇಳುವುದು ಕೇಳಬೇಕಾದವರು ನಾನಲ್ಲ, ಅವನ ಸಿಒಗೂ ಮೇಲಿನ ಅಧಿಕಾರಿಯಾದ ಬ್ರಿಗೇಡ್ ಕಮಾಂಡರ್.

ವಿರೋಧ
(ನಿವೃತ್ತ ಸುಬೇದಾರ್, ಹುಬ್ಬಳ್ಳಿ)

ಅಕ್ಕೋರು ಬರೆದದ್ದರಲ್ಲಿ ಸುಳ್ಳಿಲ್ಲ. ಸಮ್ಮೇಳನದ ಪಾಯಿಂಟ್ ಸೋಸುತ್ತಾರೆ, ನಿಜ. ಆದರೂ ಅಕ್ಕೋರೇ, ನೀವು ಕೇಳುತ್ತಿರುವ ಔಷಧಿ ಈ ರೋಗಕ್ಕೆ ಆಗುವುದಿಲ್ಲ.

ನನ್ನ ಪ್ಲಟೂನಿನಲ್ಲಿ ಸವಣೂರು ಕಡೆಯ ಹುಡುಗನೊಬ್ಬನಿದ್ದ. ಲಂಗರಿನಲ್ಲಿ (ಸೈನಿಕರ ಊಟದ ಮನೆ) ಎರಡು ಹೊತ್ತು ರೊಟ್ಟಿ ಮುರಿದು ಹಾಗೇ ತಟ್ಟೆಯಲ್ಲಿ ಬಿಟ್ಟ. ವಾಲಿಬಾಲ್ ಆಡುವಾಗ ಸುಮ್ನೆ ನಿಂತ. ರಾತ್ರಿ ಪಹರೆ ನೋಡಲು ಹೋದವನು ಅವನ ಪಕ್ಕ ನಿಂತು ಕನ್ನಡದಲ್ಲೇ ಕೇಳಿದೆ. ಮೊದಲು "ಏನಿಲ್ಲ ಸಾಹೇಬ್ರ" ಅಂದ. ಸ್ವಲ್ಪ ಹೊತ್ತಿನ ಮೇಲೆ ಎಲ್ಲ ಹೊರಗೆ ಬಂತು. ದಾಯಾದಿಗಳು ಹೊಲದ ಬದು ಒತ್ತಿದ್ದರು, ಮನೆಯಲ್ಲಿ ವಯಸ್ಸಾದ ತಂದೆ ಒಬ್ಬರೇ. ಮರುದಿನ ಸಿಒ ಸಾಹೇಬರ ಸಹಿಯಲ್ಲಿ ಜಿಲ್ಲಾಧಿಕಾರಿಗೆ ಪತ್ರ ಹೋಯಿತು, ಹುಡುಗನಿಗೆ ರಜೆಯೂ ಸಿಕ್ಕಿತು. ಅವನು ಹೆಸರಿಲ್ಲದ ಫಾರ್ಮಿನಲ್ಲಿ ‘ಮನಸ್ಸು ಸರಿಯಿಲ್ಲ’ ಅಂತ ಗುರುತು ಹಾಕಿದ್ದರೆ ಆ ಪತ್ರದಲ್ಲಿ ಯಾರ ಹೆಸರು, ಯಾವ ಸರ್ವೆ ನಂಬರ್ ಬರೆಸಬೇಕಿತ್ತು? ಸೈನಿಕನ ಕಷ್ಟಕ್ಕೆ ಹೆಸರಿರುತ್ತದೆ, ಊರಿರುತ್ತದೆ. ಅದನ್ನು ಅಳಿಸಿ ಕೇಳಿದರೆ ಮೇಲಿನವರಿಗೆ ಸಿಗೋದು ಬರೀ ಶೇಕಡಾವಾರು.

ಗುಟ್ಟು ಉಳಿಯುತ್ತದೆ ಅನ್ನೋದೂ ಕಷ್ಟ. ಒಂದು ಸೆಕ್ಷನ್ನಿನಲ್ಲಿ, ಅಂದರೆ ಚಿಕ್ಕ ಗುಂಪಿನಲ್ಲಿ, ಹತ್ತು ಜನ. ಡ್ರೈವರ್ ಇಬ್ಬರು, ಹೊಸಬ ಒಬ್ಬ, ಅಡುಗೆಯವನು ಒಬ್ಬ ಅಂದರೆ ಉತ್ತರ ಯಾರದ್ದು ಅಂತ ಹವಾಲ್ದಾರನಿಗೆ ಗೊತ್ತಾಗುತ್ತದೆ. ಕೆಲವೇ ಜನರ ಉತ್ತರವನ್ನು ಬೇರೆ ಮಾಡಿ ತೋರಿಸುವುದಿಲ್ಲ ಅಂತ ನಿಯಮ ಮಾಡಬಹುದು. ಆಗ ಆ ಕೆಲವೇ ಜನರ ನೋವು ದೊಡ್ಡ ಲೆಕ್ಕದಲ್ಲಿ ಕರಗಿ ಹೋಗುತ್ತದೆ. ಒಂಟಿಯಾಗಿ ಒದ್ದಾಡುವವನಿಗೇ ಸಹಾಯ ಬೇಕಿತ್ತು, ಅವನೇ ಕಾಣುವುದಿಲ್ಲ.

ಅಮೆರಿಕದ ಕಾನೂನಿನ ಮಾತು ಬಂತು. ಆ ಕಾನೂನು ಇದ್ದಾಗಲೇ 2020ರಲ್ಲಿ ಟೆಕ್ಸಾಸ್‌ನ ಫೋರ್ಟ್ ಹುಡ್‌ನಲ್ಲಿ ವನೆಸಾ ಗಿಯೆನ್ ಎಂಬ ಸೈನಿಕ ಹೆಣ್ಣುಮಗಳ ಕೊಲೆಯಾಯಿತು. ಆಮೇಲೆ ಹೊರಗಿನ ಸಮಿತಿ ಹೋಗಿ ನೋಡಿದಾಗ, ಹೆಣ್ಣುಮಕ್ಕಳಿಗೆ ಕಿರುಕುಳ ಕೊಡಲು ಅಲ್ಲಿನ ವಾತಾವರಣವೇ ಎಡೆ ಮಾಡಿಕೊಟ್ಟಿತ್ತು ಅನ್ನೋದು ಬಯಲಾಯಿತು. ಆ ಡಿಸೆಂಬರ್‌ನಲ್ಲಿ 14 ಜನ ಅಧಿಕಾರಿಗಳು, ಮೇಲ್ವಿಚಾರಕರ ಮೇಲೆ ಕ್ರಮ ಆಯಿತು. ಏಳು ವರ್ಷದ ಸಮೀಕ್ಷೆಗಳು ಆ ಮಗಳನ್ನು ಉಳಿಸಲಿಲ್ಲ. ಸಮಿತಿಯೂ ಫಾರ್ಮ್ ತುಂಬಿಸಿತ್ತು, ಒಪ್ಪುತ್ತೇನೆ. ಆದರೆ ಅಷ್ಟಕ್ಕೇ ನಿಲ್ಲದೆ ಸೈನಿಕರನ್ನು ಎದುರು ಕೂರಿಸಿಕೊಂಡು ಮಾತಾಡಿಸಿತ್ತು.

ಅಂಕದ ಭಯವೂ ನನಗಿದೆ. ಎತ್ತರದ ಪೋಸ್ಟಿಗೆ ಹೋಗುವ ಮುನ್ನ ಒಳ್ಳೆಯ ಸಿಒ ಹುಡುಗರನ್ನು ಅರೆಯುತ್ತಾರೆ. ಬೆಳಗಿನ ಜಾವ ಮೈಮೇಲೆ ಭಾರ ಹೊರಿಸಿ ಓಡಿಸುತ್ತಾರೆ. ಆ ವಾರ ಕೇಳಿದರೆ ಎಲ್ಲರೂ ಬೈಯುತ್ತಾರೆ. ನಮ್ಮ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಇದ್ದ ಸಿಯಾಚಿನ್ ಪೋಸ್ಟು 19,000 ಅಡಿಗೂ ಮೇಲೆ. ಅಂಥ ಜಾಗಕ್ಕೆ ಹೋಗುವ ಹುಡುಗರನ್ನು ತಯಾರು ಮಾಡುವವರು ತಮ್ಮ ಅಂಕದ ಕಡೆ ನೋಡಬಾರದು.

ಮೇಲಿನವರಿಗೆ ನಿಜ ತಿಳಿಯಬೇಕು ಅನ್ನೋದರಲ್ಲಿ ಅಕ್ಕೋರಿಗೂ ನನಗೂ ಜಗಳವಿಲ್ಲ. ಹಾಗಿದ್ದರೆ ಬ್ರಿಗೇಡ್‌ನವರು ಹೇಳದೆ ಬಂದು ಕಂಪನಿಯ ರಜೆ ರಿಜಿಸ್ಟರ್ ತೆಗೆಸಲಿ. ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಸಾಂದರ್ಭಿಕ ರಜೆ ಇದೆ. ಯಾರು ಯಾವಾಗ ಕೇಳಿದರು, ಯಾವಾಗ ಸಿಕ್ಕಿತು, ಯಾರದ್ದು ಪದೇಪದೇ ಮುಂದೆ ಹೋಯಿತು, ಎಲ್ಲ ಅದರಲ್ಲಿರುತ್ತದೆ. ರಜೆ ಸಿಗದವನನ್ನು ಕರೆದು, ಕಂಪನಿಯವರನ್ನು ಹೊರಗೆ ಕಳಿಸಿ, ಬಾಗಿಲು ಹಾಕಿಕೊಂಡು ಮಾತಾಡಲಿ.