ಮೂವತ್ತೇಳನೇ ಮುದ್ದೆ

ಹೊಟ್ಟೆ ತುಂಬ ಉಂಡು, ಎಲೆ ಮಡಚಿ, ಕೈ ತೊಳೆದು ಗಲ್ಲಾಪೆಟ್ಟಿಗೆ ಮುಂದೆ ನಿಂತಾಗಲೇ ಗೊತ್ತಾಗಿದ್ದು, ನಾವು ನಾಲ್ಕೂ ಜನ ಬಡವರು ಅಂತ.

2025ರ ಜುಲೈ ತಿಂಗಳು. ಮಾಗಡಿ ರೋಡಿನಿಂದ ಒಳಗೆ ಹೋದರೆ ಸಿಗುವ ಒಂದು ಮಿಲಿಟರಿ ಹೋಟೆಲ್. ಹೆಸರು ಹೇಳುವುದಿಲ್ಲ. ಹೇಳಿದರೆ ನೀವೂ ಬರುತ್ತೀರಿ, ಆಮೇಲೆ ನಮಗೆ ಬೆಂಚು ಸಿಗುವುದಿಲ್ಲ. ಆರು ಟೇಬಲ್, ಒಂದು ಫ್ಯಾನು. ಫ್ಯಾನು ತಿರುಗುವುದು ಯಜಮಾನರ ತಲೆ ಮೇಲೆ ಮಾತ್ರ. ಮೆನು ಕಾರ್ಡ್ ಇಲ್ಲ. ಸಪ್ಲೈಯರ್ ಹುಡುಗ ಎಲೆಗೆ ನೀರು ಚಿಮುಕಿಸುತ್ತಾ ಒಂದೇ ಉಸಿರಿನಲ್ಲಿ ಹೇಳುತ್ತಾನೆ: "ಮುದ್ದೆ ಊಟ, ನಾಟಿ ಕೋಳಿ, ತಲೆಮಾಂಸ, ಬೋಟಿ, ಖೈಮಾ ಉಂಡೆ, ಲಿವರ್, ಕಾಲ್ ಸೂಪು, ಬಿರಿಯಾನಿ ಖಾಲಿ." ಬಿರಿಯಾನಿ ಯಾವಾಗ ಹೋದರೂ ಖಾಲಿ. ಅದು ಇತ್ತು ಅನ್ನುವುದಕ್ಕೆ ಮೂಲೆಯಲ್ಲಿ ಜೋಡಿಸಿಟ್ಟ ದೊನ್ನೆಗಳೇ ಸಾಕ್ಷಿ.

ತಿಂಗಳಿಗೊಮ್ಮೆ ಭಾನುವಾರ ನಾವು ಅಲ್ಲಿ ಸೇರುತ್ತೇವೆ. ನಾನು, ಸೀನ, ಗುಂಡ, ಮಂಜ. ಸೀನ ಆಡಿಟರ್ ಆಫೀಸಿನಲ್ಲಿ ಕೆಲಸಕ್ಕಿದ್ದಾನೆ. ಗುಂಡ, ಮಂಜ ಇಬ್ಬರೂ ಸಾಫ್ಟ್‌ವೇರ್. ಮುದ್ದೆಯನ್ನು ಅಗಿಯಬಾರದು, ಸಾರಿನಲ್ಲಿ ಅದ್ದಿ ನುಂಗಬೇಕು ಅಂತ ಗುಂಡನಿಗೆ ಹತ್ತು ವರ್ಷದಿಂದ ಹೇಳುತ್ತಿದ್ದೇವೆ. ಅವನು ಚೂಯಿಂಗ್ ಗಮ್ ಥರ ಅಗಿಯುತ್ತಾನೆ, ಆಮೇಲೆ ಹಲ್ಲಿಗೆ ಅಂಟಿತು ಅಂತ ಬೈಯುತ್ತಾನೆ.

ಇಲ್ಲಿ ಬಿಲ್ಲು ಬರೆಯುವುದಿಲ್ಲ, ಕೂಗುತ್ತಾರೆ. ನಾವು ಎದ್ದ ತಕ್ಷಣ ಹುಡುಗ ಹಿಂದಿನಿಂದ ಕೂಗಿದ. "ನಾಲ್ಕ್ ಊಟ, ಒಂದ್ ತಲೆಮಾಂಸ, ಒಂದ್ ಬೋಟಿ, ಒಂದ್ ಉಂಡೆ, ಎರಡ್ ಸೂಪೂ!" ಇಡೀ ಹೋಟೆಲಿಗೆ ನಾವೆಷ್ಟು ತಿಂದೆವು ಅಂತ ಗೊತ್ತಾಯಿತು. ಯಜಮಾನರು ಕಣ್ಣು ಮುಚ್ಚಿ ತೆರೆದು, "ಸಾವಿರದ ನೂರೆಂಬತ್ತು" ಅಂದರು.

ಗುಂಡ ಫೋನ್ ತೆಗೆದು ಗೋಡೆ ಕಡೆಗೆ ಹಿಡಿದ. ಗೋಡೆಯಲ್ಲಿ ಏನೂ ಇಲ್ಲ. ಕ್ಯೂಆರ್ ಕೋಡ್ ಇದ್ದ ಜಾಗದಲ್ಲಿ ಒಂದು ಚೌಕದಷ್ಟು ಬಣ್ಣ ಮಾತ್ರ ಹೊಸದಾಗಿ ಕಾಣುತ್ತಿತ್ತು. ಅದರ ಕೆಳಗೆ ರಟ್ಟಿನ ಮೇಲೆ ಮಾರ್ಕರ್ ಪೆನ್ನಿನಲ್ಲಿ ಬರೆದಿತ್ತು: "ನೋ ಯುಪಿಐ. ಓನ್ಲಿ ಕ್ಯಾಶ್." ಪಕ್ಕದಲ್ಲೇ ಅವರಪ್ಪನ ಕಾಲದ ತಗಡಿನ ಬೋರ್ಡು: "ಇಂದು ನಗದು, ನಾಳೆ ಸಾಲ." ಎಣ್ಣೆ ಹೊಗೆಗೆ ಅರ್ಧ ಅಕ್ಷರ ಹೋಗಿದ್ದವು. ಮೂವತ್ತು ವರ್ಷ ಯಾರೂ ಓದದಿದ್ದ ಆ ಬೋರ್ಡಿಗೆ ಮತ್ತೆ ಕೆಲಸ ಸಿಕ್ಕಿತ್ತು.

"ಏನಣ್ಣ ಇದು?" ಅಂದೆ.

"ಸ್ಕ್ಯಾನರ್ ತೆಗೆದ್ಬಿಟ್ವಿ ಸಾರ್."

"ನೋಟಿಸ್ ಬಂತಾ?"

"ಇಲ್ಲ ಸಾರ್. ಬರಬಾರ್ದು ಅಂತ."

ಡೆಂಗೀ ಬರುವ ಮೊದಲೇ ಸೊಳ್ಳೆ ಪರದೆ ಕಟ್ಟಿದ ಹಾಗೆ.

ಆ ತಿಂಗಳ ಕಥೆ ನಿಮಗೆ ನೆನಪಿರಬೇಕು. 2021-22ರಿಂದ 2024-25ರವರೆಗೆ ಯಾರ ಖಾತೆಗೆ ಯುಪಿಐನಲ್ಲಿ ಎಷ್ಟು ಬಿತ್ತು ಅಂತ ವಾಣಿಜ್ಯ ತೆರಿಗೆ ಇಲಾಖೆ ಲೆಕ್ಕ ತರಿಸಿಕೊಂಡಿತು. ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳಿಗೆಲ್ಲ ಜಿಎಸ್‌ಟಿ ನೋಟಿಸ್ ಹೋಯಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷದಲ್ಲಿ 1.63 ಕೋಟಿ ವಹಿವಾಟು ಮಾಡಿದ್ದೀರಿ, 29 ಲಕ್ಷ ಕಟ್ಟಿ ಅಂತ ನೋಟಿಸ್ ಹೋಗಿದ್ದು ಎಲ್ಲ ಪತ್ರಿಕೆಯಲ್ಲೂ ಬಂತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಬದನೆಕಾಯಿಗೂ ಅದು ಗೊತ್ತಿತ್ತು, ಕಂಪ್ಯೂಟರಿಗೆ ಗೊತ್ತಿರಲಿಲ್ಲ ಅಷ್ಟೆ.

ಒಂದು ವಾರದಲ್ಲಿ ಬೆಂಗಳೂರಿನ ಗೋಡೆಗಳಿಂದ ಕ್ಯೂಆರ್ ಕೋಡ್‌ಗಳು ಮಾಯ. 2016ರ ನವೆಂಬರ್ 8ರ ರಾತ್ರಿ ನೋಟುಗಳು ಮಾಯವಾದವು, ಒಂಬತ್ತು ವರ್ಷ ತುಂಬುವುದರೊಳಗೆ ನೋಟಿಗೆ ಬದಲಾಗಿ ಬಂದದ್ದೂ ಮಾಯ. ನಮ್ಮ ಜನರ ಕೈಯಲ್ಲಿ ದುಡ್ಡು ನಿಲ್ಲುವುದಿಲ್ಲ ಅಂತ ಅಜ್ಜಿ ಹೇಳುತ್ತಿದ್ದಳು. ದುಡ್ಡಿನ ವೇಷವೂ ನಿಲ್ಲುವುದಿಲ್ಲ ಅಂತ ಅವಳಿಗೆ ಗೊತ್ತಿರಲಿಲ್ಲ.

ಯಜಮಾನರೇನು ತಾವಾಗಿ ಹೋಗಿ ಸ್ಕ್ಯಾನರ್ ತಂದವರಲ್ಲ. ನೋಟು ರದ್ದಾದ ಮೇಲೆ ಟೀ ಶರ್ಟ್ ಹಾಕಿದ ಹುಡುಗನೊಬ್ಬ ಬಂದು, "ಅಂಕಲ್, ಫ್ರೀ" ಅಂತ ಅಂಟಿಸಿ ಹೋದ. ಫ್ರೀ ಅಂದ ಮೇಲೆ ಯಾರು ಬೇಡ ಅಂತಾರೆ? ಆಮೇಲೆ ಮಾತಾಡುವ ಡಬ್ಬಿಯೂ ಬಂತು. "ನೂರೈವತ್ತು ರೂಪಾಯಿ ಬಂದಿದೆ" ಅಂತ ಅದು ಹೇಳಿದಾಗ ಯಜಮಾನರು ಸೊಸೆ ಮಾತು ಕೇಳಿದ ಹಾಗೆ ತಲೆಯಾಡಿಸುತ್ತಿದ್ದರು. ಆಯುಧಪೂಜೆ ದಿನ ಮಚ್ಚು, ಒಲೆ, ತಕ್ಕಡಿಯ ಸಾಲಿನಲ್ಲಿ ಅದನ್ನೂ ಇಟ್ಟು ಕುಂಕುಮ ಹಚ್ಚಿದ್ದರು. ಆ ಕುಂಕುಮ ಇನ್ನೂ ಅದರ ಮೂತಿ ಮೇಲೆ ಇತ್ತು. ಆದರೆ ವೈರ್ ಕಿತ್ತಿದ್ದರು. ಈಗ ಅದು ಪಾರ್ಸಲ್ ಕಟ್ಟುವ ಪೇಪರ್ ಹಾರದ ಹಾಗೆ ಭಾರಕ್ಕಿತ್ತು. ಮಾತು ಜಾಸ್ತಿ ಆಡಿದರೆ ಏನಾಗುತ್ತೆ ನೋಡಿ.

ಇಷ್ಟು ಹೊತ್ತಿಗೆ ಸೀನ ಶುರು ಮಾಡಿಕೊಂಡ. ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುವವರನ್ನು ಊಟಕ್ಕೆ ಕರೆಯಬಾರದು. ಕರೆದರೂ ಸೋಂಪು ತಿನ್ನುವ ಮೊದಲೇ ಮನೆಗೆ ಕಳಿಸಬೇಕು.

"ಅಣ್ಣ, ಸ್ಕ್ಯಾನರ್ ತೆಗೆದ್ರೆ ಏನೂ ಉಪಯೋಗ ಇಲ್ಲ. ಕ್ಯಾಶ್ ಬರ್ಲಿ, ಫೋನಲ್ಲಿ ಬರ್ಲಿ, ವಹಿವಾಟು ವಹಿವಾಟೇ. ಇಲಾಖೆಯವರೇ ಹೇಳಿದ್ದಾರೆ. ಸಾಮಾನು ಮಾರೋರಿಗೆ ವರ್ಷಕ್ಕೆ 40 ಲಕ್ಷ ದಾಟಿದ್ರೆ ಜಿಎಸ್‌ಟಿ ನೋಂದಣಿ. ಹೋಟೆಲು ಅಂದ್ರೆ ಸೇವೆ, ನಿಮಗೆ 20 ಲಕ್ಷ."

"20 ಲಕ್ಷ ನಾನೆಲ್ಲಿ ನೋಡಿದೀನಿ ಸಾರ್?"

ಸೀನ ಫೋನಿನಲ್ಲಿ ಕ್ಯಾಲ್ಕುಲೇಟರ್ ತೆಗೆದ. ಕ್ಯಾಶ್ ಕೊಡಲು ಆಗದ ಫೋನು ಲೆಕ್ಕ ಹಾಕಲು ಮಾತ್ರ ಮುಂದೆ. 20 ಲಕ್ಷವನ್ನು 365 ದಿನಕ್ಕೆ ಹಂಚಿದರೆ ದಿನಕ್ಕೆ 5,479 ರೂಪಾಯಿ. ಊಟಕ್ಕೆ 150ರ ಹಾಗೆ ಮೂವತ್ತಾರು ಊಟ. ಮೂವತ್ತಾರು ಮುದ್ದೆ ಬಡಿಸಿ ಬಾಗಿಲು ಹಾಕಿಕೊಂಡರೆ ನೀವು ಸಣ್ಣ ವ್ಯಾಪಾರಿ. ನಿಮ್ಮ ಹೆಸರಿನಲ್ಲಿ ಭಾಷಣ ಮಾಡುತ್ತಾರೆ, ಸಾಲ ಕೊಡುವ ಯೋಜನೆ ತರುತ್ತಾರೆ. ದಿನಾ ಮೂವತ್ತೇಳನೇ ಮುದ್ದೆ ಕಟ್ಟಿದಿರೋ, ವರ್ಷಕ್ಕೆ 20,25,750. ಗಡಿ ದಾಟಿದಿರಿ.

ಯಜಮಾನರು ಅಡುಗೆಮನೆ ಕಡೆ ನೋಡಿದರು. ಒಳಗೆ ಅವರ ಹೆಂಡತಿ ದೊಡ್ಡ ಪಾತ್ರೆಯನ್ನು ಎರಡೂ ಪಾದದಲ್ಲಿ ಅದುಮಿ ಹಿಡಿದು, ಕೋಲಿನಿಂದ ಹಿಟ್ಟು ತೊಳಸುತ್ತಿದ್ದರು. ಹಣೆಯ ಬೆವರನ್ನು ಭುಜಕ್ಕೆ ಒರೆಸಿಕೊಂಡು, ಕೈ ಒದ್ದೆ ಮಾಡಿಕೊಂಡು, ಬಿಸಿ ಹಿಟ್ಟನ್ನು ಮರದ ಹಲಗೆ ಮೇಲೆ ಉರುಳಿಸಿ ಮುದ್ದೆ ಕಟ್ಟಿಟ್ಟರು. ಅದು ಎಷ್ಟನೇದೋ. ಎಣಿಸುವ ಅಭ್ಯಾಸ ಆ ಮನೆಯಲ್ಲಿ ಇರಲಿಲ್ಲ.

"ಅದಕ್ಕೂ ದಾರಿ ಇದೆ ಅಣ್ಣ," ಅಂದ ಸೀನ. "ಒಂದೂವರೆ ಕೋಟಿವರೆಗೆ ರಾಜಿ ತೆರಿಗೆ ಪದ್ಧತಿ. ಹೋಟೆಲಿಗೆ ಶೇಕಡಾ 5 ಕಟ್ಟಿದ್ರೆ ಆಯ್ತು."

"ರಾಜಿನಾ? ನಾನು ಯಾರ ಹತ್ರ ಜಗಳ ಆಡಿದ್ದೆ ಸಾರ್?"

"ಜಗಳ ಇಲ್ಲ ಅಣ್ಣ, ಕಾನೂನಲ್ಲಿ ಅದರ ಹೆಸರೇ ಹಾಗೆ. ಆದ್ರೆ ಒಂದು ವಿಷಯ, ಆ 5 ಪರ್ಸೆಂಟ್ ಗಿರಾಕಿ ಹತ್ರ ತೆರಿಗೆ ಅಂತ ಕೇಳೋ ಹಾಗಿಲ್ಲ. ನೀವೇ ಕಟ್ಬೇಕು."

"ಅಂದ್ರೆ 150ಕ್ಕೆ ಏಳೂವರೆ ರೂಪಾಯಿ. ಖೈಮಾ ಉಂಡೆ ಸೈಜು ಕಮ್ಮಿ ಮಾಡ್ಬೇಕು," ಅಂದರು ಯಜಮಾನರು. ರಾಜ್ಯದ ಹಣಕಾಸಿನ ಬಗ್ಗೆ ಇಷ್ಟು ಚುಟುಕಾದ ಬಜೆಟ್ ಭಾಷಣ ನಾನು ಕೇಳಿಲ್ಲ.

ನನ್ನ ಮಾತು ಹೇಳಿಬಿಡುತ್ತೇನೆ. ತೆರಿಗೆ ಕಟ್ಟಬೇಕಾದವರು ಕಟ್ಟಲೇಬೇಕು. ಮುದ್ದೆ ಮಾರುವವರು ದೇವರಲ್ಲ, ಅವರಲ್ಲೂ ದಿನಕ್ಕೆ ಮುನ್ನೂರು ಎಲೆ ಹಾಕಿಸಿ ಮೂವತ್ತು ಅನ್ನುವವರಿದ್ದಾರೆ. ಆದರೆ ಡೋಲು ಬಡಿದು ಊಟಕ್ಕೆ ಕರೆದು, ಎಲೆ ಹಾಕಿ, ನಾಲ್ಕು ವರ್ಷ ಸುಮ್ನೆ ಬಡಿಸುತ್ತಾ ಇದ್ದು, ಪಾಯಸದ ಹೊತ್ತಿಗೆ ಪಂಕ್ತಿಯಿಂದ ಎಬ್ಬಿಸಿದರೆ ಏನಂತಾರೆ? ಮೊದಲನೇ ವರ್ಷವೇ ಒಬ್ಬರು ಬಂದು, "ಯಜಮಾನ್ರೇ, ಇಷ್ಟು ದಾಟಿದ್ರೆ ಹೀಗೆ ಮಾಡ್ಕೊಳಿ" ಅಂದಿದ್ದರೆ ಒಂದು ಲೋಟ ಕಾಲ್ ಸೂಪಿನಲ್ಲಿ ಮುಗಿಯುವ ಕೆಲಸ. ಯಜಮಾನರ ಖಾತೆಗೆ ಊಟದ ದುಡ್ಡೂ ಬೀಳುತ್ತೆ, ಚೀಟಿ ದುಡ್ಡೂ ಬೀಳುತ್ತೆ, ಅಳಿಯ ವಾಪಸ್ ಕೊಟ್ಟ ಕೈಸಾಲವೂ ಬೀಳುತ್ತೆ. ಅಳಿಯ ದುಡ್ಡು ವಾಪಸ್ ಕೊಡುವುದೇ ಅಪರೂಪ. ಕೊಟ್ಟಿದ್ದು ವ್ಯಾಪಾರದ ಲೆಕ್ಕಕ್ಕೆ ಸೇರಿಬಿಟ್ಟರೆ ಮುಂದೆ ಯಾವ ಅಳಿಯ ಕೊಡುತ್ತಾನೆ?

ಬೆಂಗಳೂರಿಗೆ ನೋಟಿಸ್ ಹೋದಾಗ ಮೇಲಿನವರ ಜಗಳವೂ ಚೆನ್ನಾಗಿತ್ತು. ಜಿಎಸ್‌ಟಿ ಕೇಂದ್ರದ್ದು ಅಂತ ರಾಜ್ಯದವರು, ನೋಟಿಸ್ ಕೊಟ್ಟಿದ್ದು ರಾಜ್ಯ ಅಂತ ಕೇಂದ್ರದವರು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರೆ. ಇಲ್ಲಿ ಇಬ್ಬರು ಅತ್ತೆಯರು, ಕೊತ್ತಿ ಒಂದೇ. ವ್ಯಾಪಾರಿಗಳು ಜುಲೈ 25ಕ್ಕೆ ಬಂದ್ ಕರೆದರು. ಎರಡು ದಿನ ಮೊದಲು ಮುಖ್ಯಮಂತ್ರಿಗಳು ಕರೆಸಿ ಮಾತಾಡಿದರು, ಬಂದ್ ನಿಂತಿತು.

ಒಂದು ಸಮಾಧಾನ. ಮುದ್ದೆ ಏನು ಜಾತಿ ಅಂತ ಇನ್ನೂ ಯಾರೂ ಕೇಳಿಲ್ಲ. ಪರೋಟಕ್ಕೆ ಆ ಅದೃಷ್ಟ ಇರಲಿಲ್ಲ. ಪ್ಯಾಕೆಟ್ ಪರೋಟ ರೊಟ್ಟಿಯ ಜಾತಿಗೆ ಸೇರುವುದಿಲ್ಲ, ಅದಕ್ಕೆ ಶೇಕಡಾ 18 ಅಂತ 2020ರಲ್ಲಿ ಕರ್ನಾಟಕದ ಜಿಎಸ್‌ಟಿ ಮುಂಗಡ ತೀರ್ಪು ಪ್ರಾಧಿಕಾರವೇ ಹೇಳಿತ್ತು. 2025ರ ಸೆಪ್ಟೆಂಬರ್ 22ರಿಂದ ಎರಡಕ್ಕೂ ಸೊನ್ನೆ. ರೊಟ್ಟಿ ಪರೋಟ ಬೀಗರಾಗಲು ಐದು ವರ್ಷ ಹಿಡಿಯಿತು.

ಸರಿ, ಬಿಲ್ಲಿಗೆ ಬರೋಣ. ನಾಲ್ಕು ಜನರೂ ಜೇಬು ತಡಕಿದೆವು. ಗುಂಡನ ಪರ್ಸಿನಲ್ಲಿ ಆಧಾರ್, ಪ್ಯಾನ್, ಆರು ಕಾರ್ಡು, ಒಂದು ದೇವಸ್ಥಾನದ ಕುಂಕುಮದ ಪೊಟ್ಟಣ. ಮಂಜನ ಹತ್ತಿರ 20ರ ನೋಟು. ನನ್ನ ಹತ್ತಿರ ಹತ್ತು ರೂಪಾಯಿಯ ಎರಡು ನಾಣ್ಯ, ಯಾವ ಅಂಗಡಿಯವರೂ ತೆಗೆದುಕೊಳ್ಳದೆ ನನ್ನಲ್ಲೇ ಉಳಿದವು. ಒಟ್ಟು 40. ನಾಲ್ಕು ಜನರ ಸಂಬಳ ಕೂಡಿಸಿದರೆ ಆ ಹೋಟೆಲನ್ನೇ ಬಾಡಿಗೆಗೆ ಹಿಡಿಯಬಹುದಿತ್ತು. ಅರ್ಧ ಸೂಪಿಗೆ ಮಾತ್ರ ಗತಿ ಇತ್ತು.

"ಗುಂಡ, ಮಂಜ ಇಲ್ಲೇ ಕೂತಿರಿ," ಅಂದ ಸೀನ. ಒತ್ತೆ ಇಟ್ಟ ಹಾಗೆ. ನಾನೂ ಅವನೂ ಎಟಿಎಂ ಹುಡುಕಿ ಹೊರಟೆವು. ಮೊದಲನೆಯದರ ಷಟರ್ ಎಳೆದಿತ್ತು. ಎರಡನೆಯದರಲ್ಲಿ ಎಸಿ ತಣ್ಣಗೆ ಬರುತ್ತಿತ್ತು, ದುಡ್ಡು ಬರುತ್ತಿರಲಿಲ್ಲ. ಅಲ್ಲಿ ನಾಯಿಯೊಂದು ಸುಖವಾಗಿ ಮಲಗಿತ್ತು. ಮೂರನೆಯದರ ಮುಂದೆ ಕ್ಯೂ. ಮುಂದಿದ್ದವರ ಬಾಯಲ್ಲಿ ಬಾಳೆ ಎಲೆ, ಕೋಳಿ ಸಾರಿನ ವಾಸನೆ. ಎಲ್ಲರೂ ನಮ್ಮ ಥರ ಒತ್ತೆ ಇಟ್ಟು ಬಂದವರೇ. ನನ್ನದು ಬೇರೆ ಬ್ಯಾಂಕಿನ ಕಾರ್ಡು. ಮಹಾನಗರದಲ್ಲಿ ತಿಂಗಳಿಗೆ ಮೂರು ಸಲ ಪುಕ್ಕಟೆ. ಅದು ಮುಗಿದಿತ್ತು. ಆ ವರ್ಷದ ಮೇ 1ರಿಂದ ಆಮೇಲಿನ ಒಂದೊಂದು ಸಲಕ್ಕೂ 23 ರೂಪಾಯಿವರೆಗೆ ಕೀಳಬಹುದು. ನನ್ನದೇ ದುಡ್ಡು ನನ್ನ ಕೈಗೆ ಬರಲು ಬಸ್ ಚಾರ್ಜು ಕೇಳಿತು. ಕೊಟ್ಟೆ. ಐನೂರರ ಮೂರು ನೋಟು ಬಂತು.

ವಾಪಸ್ ಬಂದಾಗ ಮಂಜ ಇನ್ನೊಂದು ಖೈಮಾ ಉಂಡೆಗೆ ಹೇಳೋಣವಾ ಅಂತ ಗುಂಡನನ್ನು ಕೇಳುತ್ತಿದ್ದ. ಸೀನ ಅವನ ಬಾಯಿ ಮುಚ್ಚಿಸಿ 1,500 ರೂಪಾಯಿಯನ್ನು ಗಲ್ಲಾದ ಮೇಲಿಟ್ಟ. ಯಜಮಾನರು ಡ್ರಾಯರ್ ಎಳೆದರು. ಒಳಗೆ ಬರೀ ಐನೂರರ ನೋಟು. ಎಲ್ಲರೂ ಅದೇ ಎಟಿಎಂನಿಂದ ತಂದವರು. ಇಸ್ಪೀಟೆಲೆ ಥರ ಒಂದೇ ಮುಖ.

"320 ವಾಪಸ್ ಬರ್ಬೇಕಲ್ವಾ ಸಾರ್? ಚಿಲ್ಲರೆ ಇಲ್ಲ."

"ಮತ್ತೆ?"

ಯಜಮಾನರು ಆಚೀಚೆ ನೋಡಿ, ಬನಿಯನ್ ಜೇಬಿನಿಂದ ತಮ್ಮ ಫೋನ್ ತೆಗೆದರು. "ನಂಬರ್ ಹೇಳಿ ಸಾರ್, ಫೋನ್‌ಪೇ ಮಾಡ್ತೀನಿ. ಹೋಗೋ ದುಡ್ಡಿಗೆ ನೋಟಿಸ್ ಬರಲ್ವಂತೆ."

ಗುಂಡ ನಂಬರ್ ಹೇಳಿದ. ಅವನ ಜೇಬಿನಲ್ಲಿ ಟಿಂಗ್ ಅಂತು. ಸೀನ ಬಾಯಿಗೆ ಸೋಂಪು ಹಾಕಿಕೊಂಡು ಅವನ ಬೆನ್ನು ತಟ್ಟಿದ.

"ಮಗಾ, 320 ಬಂತು. ಇವತ್ತಿಂದ ನಿನ್ನ ವಹಿವಾಟು ಶುರು."